ಕರಾವಳಿಯಲ್ಲಿ ಎರಡು ಗುಂಡಿಯ ಕಕ್ಕಸು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಸುತ್ತಿನ ಹಳ್ಳಿಗಳಲ್ಲಿ ಹೊಸ ಮನೆ ಕಟ್ಟುವವರು, ಹಳೆ ಗುಂಡಿ ತುಂಬಿ ತಲೆಬಿಸಿ ಮಾಡಿಕೊಂಡವರು, ಬಾವಿ ನೀರಿನ ಬಗ್ಗೆ ಸಂಶಯ ಬಂದವರು ಕೇಳುವ ಪ್ರಶ್ನೆಗಳಿವು. ಬಯಲುಸೀಮೆಯ ನಕ್ಷೆ ಹಿಡಿದು ಇಲ್ಲಿ ಗುಂಡಿ ತೋಡಿದರೆ ನಡೆಯುವುದಿಲ್ಲ. ವರ್ಷಕ್ಕೆ 3,500 ಮಿ.ಮೀ. ಮೀರುವ ಮಳೆ, ಮನೆಗೊಂದು ತೆರೆದ ಬಾವಿ, ಕಾಲಡಿಯಲ್ಲಿ ಮುರಕಲ್ಲು (ಲ್ಯಾಟರೈಟ್), ಈ ಮೂರನ್ನೂ ಲೆಕ್ಕಕ್ಕೆ ಹಿಡಿದೇ ಉತ್ತರ ಬರೆದಿದ್ದೇವೆ.

## ಮೊದಲ ಸಂಶಯಗಳು

ಎರಡು ಗುಂಡಿ ಯಾಕೆ? ಒಂದೇ ದೊಡ್ಡದು ತೋಡಿದರೆ ಆಗುವುದಿಲ್ವಾ?

ಒಂದು ಬಳಕೆಯಲ್ಲಿರುವಾಗ ಇನ್ನೊಂದು ಸುಮ್ಮನೆ ಬಿದ್ದಿರಬೇಕು, ಅದಕ್ಕೇ ಎರಡು. ಮೊದಲನೆಯದು ಸುಮಾರು ಮೂರು ವರ್ಷಕ್ಕೆ ತುಂಬುತ್ತದೆ. ಆಗ ಅದನ್ನು ಮುಚ್ಚಿ ಎರಡನೆಯದಕ್ಕೆ ತಿರುಗಿಸಬೇಕು. ಎರಡನೆಯದು ತುಂಬುವಷ್ಟರಲ್ಲಿ ಮೊದಲಿನದು ಕೊಳೆತು, ನೀರು ಇಂಗಿ, ವಾಸನೆಯಿಲ್ಲದ ಕಪ್ಪು ಮಣ್ಣಾಗಿರುತ್ತದೆ. ಹಾರೆಯಲ್ಲಿ ತೆಗೆದು ತೆಂಗಿನ ಬುಡಕ್ಕೆ ಹಾಕಬಹುದು.

ಒಂದೇ ಗುಂಡಿಯಾದರೆ ತುಂಬಿದ ದಿನವೂ ಮೇಲ್ಪದರದಲ್ಲಿ ನಿನ್ನೆಯ ಮಲ ಇರುತ್ತದೆ. ಅದನ್ನು ಮುಟ್ಟುವ ಹಾಗಿಲ್ಲ, ಹೀರುವ ಲಾರಿಯನ್ನೇ ಕರೆಸಬೇಕು. ಸಂಕ ದಾಟಿ ಅಡಿಕೆ ತೋಟದೊಳಗಿಂದ ಹೋಗುವ ಮನೆಗಳಿಗೆ ಲಾರಿ ಎಲ್ಲಿಂದ ಬರಬೇಕು?

ನಮ್ಮ ಹಳೆ ಗುಂಡಿ ಇಪ್ಪತ್ತು ವರ್ಷವಾದರೂ ತುಂಬಿಲ್ಲ ಮಾರಾಯ್ರೆ. ಅದಕ್ಕಿಂತ ಒಳ್ಳೆಯದು ಬೇಕಾ?

ಕರಾವಳಿಯಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ಇದೇ. ಹೆಮ್ಮೆಪಡುವ ವಿಷಯ ಅಂತೂ ಅಲ್ಲ. ಹತ್ತು, ಹನ್ನೆರಡು ಅಡಿ ಆಳಕ್ಕೆ ರಿಂಗ್ ಇಳಿಸಿದ ಗುಂಡಿಯ ಅಡಿ ಮಳೆಗಾಲದಲ್ಲಿ ಅಂತರ್ಜಲದೊಳಗೇ ಮುಳುಗಿರುತ್ತದೆ. ಅಲ್ಲಿ ಸೋಸುವ ಒಣ ಮಣ್ಣಿಲ್ಲ. ಒಳಗಿನದ್ದು ನೀರಿನ ಜೊತೆ ಹೊರಟುಹೋಗುತ್ತದೆ, ಹಾಗಾಗಿ ಗುಂಡಿ ತುಂಬುವುದಿಲ್ಲ.

ಪರೀಕ್ಷೆ ಸುಲಭ. ಜುಲೈನಲ್ಲಿ ಮುಚ್ಚಳ ಸರಿಸಿ ದೂರದಿಂದಲೇ ಉದ್ದದ ಬಿದಿರು ಕೋಲು ಇಳಿಸಿ ನೀರಿನ ಮಟ್ಟ ಗುರುತಿಸಿ, ಬಾವಿಯದ್ದನ್ನೂ ಅಳೆಯಿರಿ. ಮಳೆ ಬಿಟ್ಟು ವಾರವಾದ ಮೇಲೆ ಮತ್ತೆ ನೋಡಿ. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿದ್ದರೆ ಎರಡರದ್ದೂ ಒಂದೇ ನೀರು. ಬಗ್ಗಿ ಇಣುಕುವುದು ಬೇಡ, ಬೀಡಿ ಹಚ್ಚಿಕೊಂಡಂತೂ ಹತ್ತಿರ ಹೋಗುವುದೇ ಬೇಡ.

ಸೆಪ್ಟಿಕ್ ಟ್ಯಾಂಕ್ ಕಟ್ಟಿಸುವ ಯೋಗ್ಯತೆ ಇಲ್ಲದವರಿಗೆ ಇದು ಅಂತಾರಲ್ಲ?

ಸೆಪ್ಟಿಕ್ ಟ್ಯಾಂಕ್ ಮಾಡುವುದು ಮುಖ್ಯವಾಗಿ ಗಟ್ಟಿಯನ್ನು ತಳಕ್ಕೆ ಇಳಿಸುವ ಕೆಲಸ. ಅದರಿಂದ ಹೊರಬರುವ ನೀರಿನಲ್ಲಿ ರೋಗಾಣು ಹಾಗೇ ಇರುತ್ತವೆ, ಆ ನೀರಿಗೆ ಬೇರೆ ಇಂಗುಗುಂಡಿ ಬೇಕೇ ಬೇಕು. ಎಷ್ಟೋ ಕಡೆ ಆ ಪೈಪು ಸೀದಾ ತೋಡಿಗೋ ರಸ್ತೆ ಬದಿಯ ಚರಂಡಿಗೋ ಬಿಟ್ಟಿರುತ್ತದೆ. ಸರಿಯಾಗಿ ಕಟ್ಟಿದ ಎರಡು ಗುಂಡಿ ಇದಕ್ಕಿಂತ ಮೇಲು, ಖರ್ಚೂ ಕಡಿಮೆ.

ಮನೆಗೆ ತಾಗಿಯೇ ಕಟ್ಟಿದರೆ ವಾಸನೆ ಬರುವುದಿಲ್ವಾ? ಗಾಳಿ ಪೈಪು ಹಾಕಬೇಕಾ?

ಗಾಳಿ ಪೈಪು ಬೇಡ. ಬೇಸಿನ್ ಕೆಳಗಿನ ಬಾಗಿದ ಪೈಪಿನಲ್ಲಿ, ಅಂದರೆ ಟ್ರ್ಯಾಪ್‌ನಲ್ಲಿ ನಿಂತ ನೀರೇ ವಾಸನೆಯನ್ನೂ ನೊಣವನ್ನೂ ತಡೆಯುತ್ತದೆ. ಗುಂಡಿಯ ಗ್ಯಾಸು ಗೋಡೆಯ ತೂತಿನಿಂದ ಸುತ್ತಲಿನ ಮಣ್ಣಿಗೆ ಸೇರಿಹೋಗುತ್ತದೆ. ಆದರೂ ವಾಸನೆ ಬಂದರೆ ಟ್ರ್ಯಾಪ್ ಒಡೆದಿದೆ ಅಥವಾ ಮುಚ್ಚಳದ ಸಂದು ಬಿಟ್ಟಿದೆ ಎಂದರ್ಥ. ಸಂದಿಗೆ ತೆಳು ಗಾರೆ ಬಳಿದರೆ ಸೊಳ್ಳೆಯೂ ನಿಲ್ಲುತ್ತದೆ.

ಸರಕಾರದ 12,000 ರೂಪಾಯಿಯಲ್ಲಿ ಮುಗಿಯುತ್ತದಾ?

ಸ್ವಚ್ಛ ಭಾರತ್ ಗ್ರಾಮೀಣದಲ್ಲಿ ಅರ್ಹ ಮನೆಗೆ ಸಿಗುವ ಪ್ರೋತ್ಸಾಹಧನ ಅದು, ಕೇಂದ್ರದ 7,200 ಮತ್ತು ರಾಜ್ಯದ 4,800. ಪೂರ್ತಿ ಖರ್ಚಿಗೆ ಸಾಲುವುದು ಕಷ್ಟ. ಹಣ ಉಳಿಸುವುದಿದ್ದರೆ ಮೇಲಿನ ಕೋಣೆಯಲ್ಲಿ ಉಳಿಸಿ. ಟೈಲ್ಸ್ ಬೇಡ, ಮಾಡಿಗೆ ಶೀಟು ಸಾಕು. ಜನ ಮಾಡುವುದು ಇದರ ಉಲ್ಟಾ: ಕಣ್ಣಿಗೆ ಕಾಣುವ ಗೋಡೆಗೆ ಟೈಲ್ಸ್, ಕಾಣದ ಎರಡನೇ ಗುಂಡಿ 'ಮುಂದಿನ ವರ್ಷ ನೋಡುವ'.

## ಕಟ್ಟುವಾಗ

ಐದು ಜನರ ಮನೆಗೆ ಎಷ್ಟು ದೊಡ್ಡ ಗುಂಡಿ ಬೇಕು?

ಒಳವ್ಯಾಸ 1 ಮೀಟರ್, ಪೈಪು ಬೀಳುವ ಮಟ್ಟದಿಂದ ಕೆಳಗೆ 1 ಮೀಟರ್, ಅದರ ಮೇಲೆ 30 ಸೆಂ.ಮೀ. ಖಾಲಿ ಜಾಗ. ಬಳಕೆಗೆ ಸಿಗುವ ಜಾಗ ಸುಮಾರು 785 ಲೀಟರ್. ನೀರು ಇಂಗಿಹೋದ ಮೇಲೆ ಒಬ್ಬರಿಂದ ವರ್ಷಕ್ಕೆ ಉಳಿಯುವುದು 40ರಿಂದ 50 ಲೀಟರ್. ಐದು ಜನರಿಗೆ 225 ಅಂತ ಹಿಡಿದರೆ ಮೂರು ವರ್ಷ ದಾಟುತ್ತದೆ.

ಮೂರಡಿ ವ್ಯಾಸ, ಒಂದಡಿ ಎತ್ತರದ ಸಿಮೆಂಟ್ ರಿಂಗ್ ತರುವುದಾದರೆ ಒಂದು ಗುಂಡಿಗೆ ಮೂರು ತೂತಿನ ರಿಂಗ್, ಮೇಲೊಂದು ತೂತಿಲ್ಲದ್ದು. ಇದರಲ್ಲಿ ಸಿಗುವುದು 600 ಲೀಟರ್. ನಾಲ್ಕು ಜನರಿಗೆ ಸರಿ, ಐದಾರು ಜನರಿಗೆ ಇನ್ನೊಂದು ತೂತಿನ ರಿಂಗ್ ಸೇರಿಸಬೇಕು. ಹೆಚ್ಚು ವರ್ಷ ಬರಲಿ ಎಂದು ಅದಕ್ಕೂ ಆಳ ಹೋಗಬೇಡಿ. ನೀರು ಮೇಲೆ ಬರುವ ಜಾಗವಾದರೆ ಆಳ ಕಡಿಮೆ ಮಾಡಿ ಅಗಲ ಹೆಚ್ಚಿಸಿ: 1.2 ಮೀಟರ್ ಅಗಲ, 70 ಸೆಂ.ಮೀ. ಆಳದ ಗುಂಡಿಯಲ್ಲೂ ಅದೇ 790 ಲೀಟರ್ ಹಿಡಿಯುತ್ತದೆ.

ರಿಂಗ್ ಒಳ್ಳೆಯದಾ, ಕೆಂಪುಕಲ್ಲಾ?

ಗಟ್ಟಿ ನೆಲದಲ್ಲಿ ಎರಡೂ ಆಗುತ್ತದೆ. ಕೆಂಪುಕಲ್ಲಿನಲ್ಲಿ ಕಟ್ಟುವಾಗ ಒಂದು ವರಸೆ ಬಿಟ್ಟು ಒಂದರಲ್ಲಿ ಕಲ್ಲಿನ ನಡುವೆ ಎರಡಿಂಚು ಸಂದು ಬಿಡಬೇಕು. ಪೈಪು ಬೀಳುವ ಮಟ್ಟದಿಂದ ಮೇಲಿನ ಒಂದಡಿಗೆ ಸಂದು ಬೇಡ, ಇಲ್ಲವಾದರೆ ಮೇಲ್ಮಣ್ಣಿನ ಮಳೆನೀರು ಒಳಗೆ ಬರುತ್ತದೆ. ಮಲ್ಪೆ, ಕಾಪು, ಉಳ್ಳಾಲದ ಕಡಲ ಕರೆಯಲ್ಲಿ ಹೊಯ್ಗೆ (ಮರಳು) ಕುಸಿಯುವುದರಿಂದ ರಿಂಗೇ ಬೇಕು, ತೂತು ಅರ್ಧ ಇಂಚಿಗಿಂತ ದೊಡ್ಡದಿರಬಾರದು.

ಮುಚ್ಚಳ ಎರಡಿಂಚು ದಪ್ಪ ಸಾಕು. ಎರಡು ತುಂಡಾಗಿ ಹೊಯ್ದು ಎತ್ತಲು ಕಬ್ಬಿಣದ ಕೊಂಡಿ ಇಡಿ. ಒಂದೇ ತುಂಡಾಗಿ ಹೊಯ್ದ ಸ್ಲಾಬನ್ನು ಮೂರು ವರ್ಷದ ಮೇಲೆ ಯಾರಿಗೂ ಎತ್ತಲಾಗುವುದಿಲ್ಲ.

ಮೇಸ್ತ್ರಿ ಅಡಿಗೆ ಕಾಂಕ್ರೀಟ್ ಹಾಕಿ, ಒಂದು ಗುಂಡಿಯಿಂದ ಇನ್ನೊಂದಕ್ಕೆ ಪೈಪ್ ಕೊಡುವ ಅಂತಾರೆ. ಸರಿಯಾ?

ಎರಡೂ ತಪ್ಪು. ಸೆಪ್ಟಿಕ್ ಟ್ಯಾಂಕ್ ಕಟ್ಟಿ ಅಭ್ಯಾಸವಾದ ಕೈ ಹಾಗೆ ಮಾಡುತ್ತದೆ. ಈ ಗುಂಡಿಗಳ ತಳ ಮಣ್ಣೇ ಇರಬೇಕು, ಒಳಗೆ ಗಾರೆ ಮೆತ್ತಬಾರದು (ಬಾವಿ ಹತ್ತಿರವಿದ್ದು ಸುತ್ತ ಹೊಯ್ಗೆ ತುಂಬುವ ಸಂದರ್ಭ ಬೇರೆ, ಕೆಳಗೆ ಹೇಳಿದ್ದೇವೆ). ಒಂದರಿಂದ ಇನ್ನೊಂದಕ್ಕೆ ಪೈಪು ಕೊಟ್ಟರೆ ಎರಡೂ ಒಟ್ಟಿಗೆ ಹಸಿಯಾಗಿರುತ್ತವೆ, ಯಾವುದಕ್ಕೂ ವಿಶ್ರಾಂತಿ ಇಲ್ಲ.

ಸರಿಯಾದ ಕ್ರಮ: ಬೇಸಿನ್‌ನಿಂದ ಬರುವ ಪೈಪು ಒಂದಡಿ ಚದರದೊಳಗಿನ ಸಣ್ಣ ಚೇಂಬರಿಗೆ. ಅಲ್ಲಿಂದ ವೈ ಆಕಾರದಲ್ಲಿ ಎರಡು ದಾರಿ. ಒಂದನ್ನು ಇಟ್ಟಿಗೆ ತುಂಡು, ಜೇಡಿಮಣ್ಣಿನಿಂದ ಮುಚ್ಚಬೇಕು. ಪೈಪಿನ ಇಳಿಜಾರು 15 ಅಡಿಗೆ ಒಂದಡಿ. ಪೈಪಿನ ತುದಿ ಗುಂಡಿಯೊಳಗೆ ನಾಲ್ಕಿಂಚು ಚಾಚಿರಲಿ, ಗೋಡೆಗೆ ಸಮವಾಗಿದ್ದರೆ ನೀರು ಗೋಡೆಯಲ್ಲೇ ಇಳಿದು ತೂತು ಕಟ್ಟುತ್ತದೆ. ಚೇಂಬರಿನ ದಾರಿ ಮುಚ್ಚದೇ ಹೋದದ್ದೇ ಎಷ್ಟೋ ಮನೆಗಳಲ್ಲಿ ಕಾಣುವ ದೋಷ. ಗುಂಡಿ ಎರಡಿದ್ದರೂ ಕೆಲಸ ಒಂದರದ್ದೇ. ಮುಚ್ಚಳ ಎತ್ತಿ ನೋಡಿಯೇ ಮೇಸ್ತ್ರಿಗೆ ದುಡ್ಡು ಕೊಡಿ.

ಬೇಸಿನ್ ಯಾವುದು ತರಬೇಕು? ಅಂಗಡಿಯಲ್ಲಿ ಎಲ್ಲ ಒಂದೇ ಅಂತಾರೆ.

ಒಂದೇ ಅಲ್ಲ. ಬೇಕಾದದ್ದು ಕಡಿದಾದ ಇಳಿಜಾರಿನ ರೂರಲ್ ಪ್ಯಾನ್, 25ರಿಂದ 28 ಡಿಗ್ರಿ. ಜೊತೆಗೆ 20 ಮಿ.ಮೀ. ನೀರು ನಿಲ್ಲುವ ಟ್ರ್ಯಾಪ್. ಇದಕ್ಕೆ ಒಂದು ಚೆಂಬು, ಒಂದೂವರೆಯಿಂದ ಎರಡು ಲೀಟರ್ ನೀರು ಸಾಕು. ಪೇಟೆಯ ಚಪ್ಪಟೆ ಪ್ಯಾನ್‌ಗೆ ಒಂದು ಬಾಲ್ದಿ ಸುರಿಯಬೇಕಾಗುತ್ತದೆ, ಅಷ್ಟು ನೀರನ್ನು ಗುಂಡಿ ಇಂಗಿಸಲಾರದು.

ನಮ್ಮದು 5 ಸೆಂಟ್ಸ್ ಕಾಲೊನಿ. ಎರಡು ಗುಂಡಿಗೆ ಜಾಗ ಎಲ್ಲಿ?

ಎರಡು ಗುಂಡಿಯ ನಡುವೆ ಸಾಮಾನ್ಯವಾಗಿ 1 ಮೀಟರ್ ಮಣ್ಣು ಇರಬೇಕು, ಇಲ್ಲದಿದ್ದರೆ ಬಳಕೆಯ ಗುಂಡಿಯ ನೀರು ವಿಶ್ರಾಂತಿಯದ್ದಕ್ಕೆ ಇಂಗುತ್ತದೆ. ಜಾಗವೇ ಇಲ್ಲವಾದರೆ ಒಂದೇ ಉದ್ದ ಗುಂಡಿ ತೋಡಿ ನಡುವೆ ಗೋಡೆ ಕಟ್ಟಬಹುದು. ಆ ಗೋಡೆಗೆ ಸಂದು ಇರಬಾರದು, ಎರಡೂ ಬದಿ ಗಾರೆ ಮಾಡಿ ಗುಂಡಿಯ ತಳಕ್ಕಿಂತ 9 ಇಂಚು ಕೆಳಗಿನವರೆಗೆ ಇಳಿಸಬೇಕು. ಮನೆಯ ಪಂಚಾಂಗದಿಂದ (ಅಡಿಪಾಯದಿಂದ) ನಾಲ್ಕಡಿ ಬಿಡಿ.

ಕಾಲೊನಿಯಲ್ಲಿ ನಿಜವಾದ ಪ್ರಶ್ನೆ ಪಕ್ಕದ ಮನೆಯ ಬಾವಿಯದ್ದು. ನಿಮ್ಮ ಬಾವಿಯಿಂದ ದೂರ ಎಂದು ಬೇಲಿಯ ಮೂಲೆಗೆ ಗುಂಡಿ ತಳ್ಳಿದರೆ ಅದು ಅವರ ಬಾವಿಯ ಬುಡದಲ್ಲಿರುತ್ತದೆ. ನಾಲ್ಕಾರು ಮನೆಯವರು ಒಟ್ಟಿಗೆ ಕೂತು ಬಾವಿಗಳನ್ನೆಲ್ಲ ಒಂದು ಹಾಳೆಯಲ್ಲಿ ಗುರುತಿಸಿ ಆಮೇಲೆ ತೋಡಿದರೆ ಜಗಳವೂ ತಪ್ಪುತ್ತದೆ.

ಹಳೆಯ ಒಂದು ಗುಂಡಿಯನ್ನು ಎರಡು ಮಾಡಬಹುದಾ?

ಹಳೆಯದು ಆಳವಿಲ್ಲದೆ, ಮಳೆಗಾಲದಲ್ಲೂ ತಳಕ್ಕೆ ಅಂತರ್ಜಲ ತಾಗದೆ ಇದ್ದರೆ ಹೊಸದೊಂದು ತೋಡಿ ಚೇಂಬರ್ ಕಟ್ಟಿದರೆ ಮುಗಿಯಿತು. ಹತ್ತಡಿ ಆಳದ್ದಾದರೆ ಅದನ್ನು ಉಳಿಸಿಕೊಳ್ಳಬೇಡಿ. ಲಾರಿಯಿಂದ ಖಾಲಿ ಮಾಡಿಸಿ, ಮಣ್ಣು ತುಂಬಿಸಿ, ಆಳವಿಲ್ಲದ ಎರಡು ಹೊಸತು ಮಾಡಿ.

## ಬಳಸುವಾಗ

ಸ್ನಾನದ ನೀರನ್ನೂ ಇದಕ್ಕೇ ಬಿಡಬಹುದಾ?

ಬೇಡ. ಲೆಕ್ಕ ನೋಡಿ. 1 ಮೀಟರ್ ಅಗಲ, ಆಳದ ಗುಂಡಿಯ ಗೋಡೆ ಸುಮಾರು 3.1 ಚದರ ಮೀಟರ್. ಸಾಧಾರಣ ಮಣ್ಣು ಚದರ ಮೀಟರಿಗೆ ದಿನಕ್ಕೆ 20 ಲೀಟರ್ ಇಂಗಿಸುತ್ತದೆ, ಅಂದರೆ 60 ಲೀಟರ್. ಐದು ಜನರ ಕಕ್ಕಸಿನ ನೀರು 48 ಲೀಟರ್ ಆಸುಪಾಸು, ಅಲ್ಲಿಗೆ ಸರಿಹೋಯಿತು. ಸ್ನಾನಕ್ಕೆ ಇನ್ನು 150 ಲೀಟರ್ ಸೇರಿದರೆ ಎಲ್ಲಿಗೆ ಹೋಗಬೇಕು? ಬಚ್ಚಲ ನೀರು ಬಾಳೆಯ ಬುಡಕ್ಕೆ ಹೋಗಲಿ.

ತೊಳೆಯಲು ಆಸಿಡ್ ಹಾಕಬಹುದಾ? ಬೇಗ ಕೊಳೆಯಲು ಪುಡಿ ಮಾರುತ್ತಾರಲ್ಲ?

ಪುಡಿಗೆ ದುಡ್ಡು ಹಾಕಬೇಡಿ, ಕೊಳೆಸುವ ಜೀವಾಣು ಮಲದಲ್ಲೇ ಇವೆ. ಆಸಿಡ್, ಫಿನಾಯಿಲ್, ಬ್ಲೀಚಿಂಗ್ ಅವುಗಳನ್ನು ಕೊಲ್ಲುತ್ತವೆ. ಬ್ರಶ್ಶು, ಸ್ವಲ್ಪ ಸೋಪಿನ ಪುಡಿ ಸಾಕು. ಪ್ಯಾಡ್, ಡೈಪರ್, ಪ್ಲಾಸ್ಟಿಕ್ ಹಾಕಿದರೆ ಅವು ಮೂರು ವರ್ಷದ ಮೇಲೂ ಹಾಗೇ ಸಿಗುತ್ತವೆ.

ತುಂಬಿದೆ ಎಂದು ಹೇಗೆ ಗೊತ್ತಾಗುವುದು?

ಬೇಸಿಗೆಯಲ್ಲೂ ನೀರು ನಿಧಾನ ಇಳಿಯುತ್ತದೆ, ಬೇಸಿನ್‌ನಲ್ಲಿ ಗುಳುಗುಳು ಸದ್ದು. ಮೊದಲು ಚೇಂಬರ್ ತೆರೆಯಿರಿ, ಕಸ ಸಿಕ್ಕಿರಬಹುದು. ಅದು ಸರಿಯಿದ್ದರೆ ಗುಂಡಿಯ ಮುಚ್ಚಳ ಸರಿಸಿ, ರಾಡಿ ಪೈಪಿನ ಬಾಯಿ ತಲುಪಿದೆಯಾ ನೋಡಿ. ತಲುಪಿದ್ದರೆ ಇಟ್ಟಿಗೆಯನ್ನು ಈ ದಾರಿಗೆ ಹಾಕಿ ಆ ದಾರಿ ತೆರೆಯಿರಿ. ತಿರುಗಿಸಿದ ತಿಂಗಳು, ವರ್ಷವನ್ನು ಚೇಂಬರಿನ ಮುಚ್ಚಳದ ಮೇಲೆ ಪೇಂಟಲ್ಲಿ ಬರೆದಿಡಿ. ಇಲ್ಲವಾದರೆ ಎರಡು ವರ್ಷದ ಮೇಲೆ ಮನೆಯಲ್ಲಿ ಒಬ್ಬೊಬ್ಬರದ್ದು ಒಂದೊಂದು ಲೆಕ್ಕ.

ಗೊಬ್ಬರ ತೆಗೆಯುವುದು ಯಾರು? ನಮಗೆ ಹೇಸಿಗೆಯಾಗುತ್ತದೆ.

ಎರಡು ವರ್ಷ ಮುಚ್ಚಿಟ್ಟದ್ದನ್ನು ಮನೆಯವರೇ ತೆಗೆಯಬಹುದು. ಎರಡು ವರ್ಷ ಯಾಕೆಂದರೆ ದುಂಡು ಹುಳದ ಮೊಟ್ಟೆಗಳು ತುಂಬಾ ದಿನ ಬದುಕುತ್ತವೆ. ತೆಗೆಯುವ ಕಾಲ ಫೆಬ್ರವರಿಯಿಂದ ಏಪ್ರಿಲ್. ಸ್ಲಾಬ್ ಸರಿಸಿ ಎರಡು ದಿನ ಬೇಲಿ ಕಟ್ಟಿ ಗಾಳಿಯಾಡಲು ಬಿಡಿ. ಗುಂಡಿಗೆ ಇಳಿಯದೆ ಮೇಲಿನಿಂದಲೇ ಉದ್ದ ಹಿಡಿಯ ಹಾರೆಯಲ್ಲಿ ಎತ್ತಿ. ಗ್ಲೌಸ್, ಬೂಟ್ಸ್ ಇರಲಿ. ಸರಿಯಾಗಿ ಆಗಿದ್ದರೆ ಹಾರೆಗೆ ಅಂಟದೆ ಹುಡಿಯಾಗಿ ಬೀಳುತ್ತದೆ. ಒದ್ದೆಯಾಗಿ, ವಾಸನೆಯಿದ್ದರೆ ಮುಚ್ಚಿಬಿಡಿ, ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಸರಿಮಾಡಿ, ಇನ್ನೊಂದು ಬೇಸಿಗೆ ಕಾಯಿರಿ. ತೆಂಗು, ಅಡಿಕೆ, ಬಾಳೆಯ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ. ಮುಳ್ಳುಸೌತೆ, ಕೊತ್ತಂಬರಿಯಂಥ ಹಸಿ ತಿನ್ನುವುದಕ್ಕೆ ಬೇಡ.

ಹಸಿ ಗುಂಡಿಗೆ ಕೂಲಿಯವರನ್ನು ಇಳಿಸುವ ಮಾತೇ ಇಲ್ಲ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅದು ಅಪರಾಧ. ಒಳಗಿನ ವಿಷಗಾಳಿಗೆ ಮೊದಲು ಇಳಿದವರೂ ಅವರನ್ನು ಎತ್ತಲು ಹೋದವರೂ ಒಟ್ಟಿಗೆ ಸಾಯುತ್ತಾರೆ. ಇದು ಯಾವುದೋ ಒಂದು ಜಾತಿಯವರ ಕೆಲಸ ಎನ್ನುವ ಹಳೆ ರೂಢಿಯನ್ನೂ ಎರಡು ಗುಂಡಿ ಅನಗತ್ಯ ಮಾಡುತ್ತದೆ. ಮಣ್ಣಾದದ್ದನ್ನು ಯಾರು ಎತ್ತಿದರೇನು?

## ಮಳೆ, ಮಣ್ಣು, ಬಾವಿ

ಬಾವಿಯಿಂದ ಎಷ್ಟು ದೂರ ಇರಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಒಬ್ಬೊಬ್ಬರ ಜಾಗ ಬೇರೆ, ಅದಕ್ಕೆ. ಇಂಥ ಗುಂಡಿಗಳಿಗೆಂದೇ 1987ರಲ್ಲಿ ಬಂದ ಭಾರತೀಯ ಮಾನಕ 12314ರ ಲೆಕ್ಕ ಹೀಗೆ: ನಯವಾದ ಮಣ್ಣು, ಗುಂಡಿಯ ತಳಕ್ಕೂ ಮಳೆಗಾಲದ ಅತಿ ಮೇಲಿನ ನೀರಿನ ಮಟ್ಟಕ್ಕೂ 2 ಮೀಟರ್ ಅಂತರವಿದ್ದರೆ 3 ಮೀಟರ್ ದೂರ ಸಾಕು. ಆ ಅಂತರ ಇಲ್ಲದಿದ್ದರೆ 10 ಮೀಟರ್. ಎರಡೂ ನಯ ಮಣ್ಣಿಗೆ ಹೇಳಿದ್ದು. ನಮ್ಮ ಗುಡ್ಡೆಯ ಮುರಕಲ್ಲು ನಯ ಮಣ್ಣಲ್ಲ. ಇಲ್ಲಿ 15 ಮೀಟರ್, ಅಂದರೆ 50 ಅಡಿ ಬಿಡಿ ಎನ್ನುವುದು ನಮ್ಮ ಸಲಹೆ.

ಅಳತೆಯಷ್ಟೇ ಮುಖ್ಯ ದಿಕ್ಕು. ನೆಲದಡಿಯ ನೀರು ಹೆಚ್ಚಾಗಿ ಗುಡ್ಡೆಯಿಂದ ತೋಡಿನ ಕಡೆಗೆ ಹರಿಯುತ್ತದೆ. ಬಾವಿ ಮೇಲೆ, ಗುಂಡಿ ಕೆಳಗೆ ಇರಲಿ. ಮಳೆಗಾಲದ ಮಟ್ಟವನ್ನು ಮೇ ತಿಂಗಳಲ್ಲಿ ನಿರ್ಧರಿಸಬೇಡಿ. ಬಾವಿಕಟ್ಟೆಯಿಂದ ಬಗ್ಗಿ ನೋಡಿದರೆ ಒಳಗಿನ ಕಲ್ಲಿನಲ್ಲಿ ಪಾಚಿ ಕಟ್ಟಿದ ಗೆರೆ ಕಾಣುತ್ತದೆ. ಆಟಿಯಲ್ಲಿ (ಜುಲೈ-ಆಗಸ್ಟ್) ನೀರು ಬರುವುದು ಅಲ್ಲಿವರೆಗೆ.

ನಮ್ಮಲ್ಲಿ ಮುರಕಲ್ಲು. ನೀರು ಹೊಯ್ದರೆ ಕ್ಷಣದಲ್ಲಿ ಮಾಯ. ಒಳ್ಳೆಯದೇ ಅಲ್ವಾ?

ಗುಂಡಿಗೆ ಒಳ್ಳೆಯದು, ಬಾವಿಗೆ ಕೆಟ್ಟದ್ದು. ರೋಗಾಣು ಸಾಯುವುದು ಮಣ್ಣಿನ ಕಣಗಳ ನಡುವೆ ನಿಧಾನಕ್ಕೆ ಸಾಗುವಾಗ. ಮುರಕಲ್ಲಿನ ಕೊಳವೆಯಂಥ ತೂತು, ಬಿರುಕುಗಳಲ್ಲಿ ನೀರು ಸೋಸದೆ ಓಡುತ್ತದೆ.

ಬಾವಿ ದೂರ ಮಾಡಲಾಗದಿದ್ದರೆ ಗುಂಡಿಯನ್ನು ಎಲ್ಲ ಸುತ್ತಲೂ ಅರ್ಧ ಮೀಟರ್ ಅಗಲ ಹೆಚ್ಚಿಗೆ ತೋಡಿ, ರಿಂಗಿನ ಸುತ್ತ ನಯ ಹೊಯ್ಗೆ ತುಂಬಬೇಕು. ತಳವನ್ನು ಮಾತ್ರ ಕಾಂಕ್ರೀಟ್ ಅಥವಾ ಗಟ್ಟಿ ಜೇಡಿಮಣ್ಣಿನಿಂದ ಮುಚ್ಚಬೇಕು. ಆಗ ನೀರು ಬದಿಯಿಂದ, ಹೊಯ್ಗೆಯ ಮೂಲಕವೇ ಹೋಗುತ್ತದೆ. ಒಂದು ಗುಂಡಿಗೆ ಸುಮಾರು 90 ಘನ ಅಡಿ ಹೊಯ್ಗೆ ಬೇಕು. ಈಗಿನ ರೇಟಿನಲ್ಲಿ ಕೈ ನಡುಗುತ್ತದೆ ನಿಜ. ಮೊದಲ ಗುಂಡಿಗೆ ಹಾಕಿ ಎರಡನೆಯದಕ್ಕೆ ಬಿಡುವುದರಿಂದ ಮಾತ್ರ ಪ್ರಯೋಜನವಿಲ್ಲ.

ತೋಡುವಾಗ ಶೇಡಿ ಮಣ್ಣು ಸಿಕ್ಕಿತು. ಮುಂದುವರಿಸುವುದಾ?

ಅಲ್ಲಿಗೇ ನಿಲ್ಲಿಸಿ. ಮುರಕಲ್ಲಿನ ಅಡಿಯ ಆ ಬಿಳಿ, ಹಳದಿ, ನಸುಗೆಂಪು ಮಣ್ಣು ಒದ್ದೆಯಾದರೆ ಕುಸಿಯುತ್ತದೆ, ನೀರನ್ನೂ ಸರಿಯಾಗಿ ಹೀರುವುದಿಲ್ಲ. ಅಂಟುಮಣ್ಣು ಚದರ ಮೀಟರಿಗೆ ದಿನಕ್ಕೆ 10 ಲೀಟರ್ ಇಂಗಿಸಿದರೆ ಹೆಚ್ಚು. ಗುಂಡಿಗೆ 30 ಲೀಟರ್, ಬರುವುದು 48. ತಿಂಗಳೊಳಗೆ ಉಕ್ಕುತ್ತದೆ. ಶೇಡಿಗಿಂತ ಮೇಲೆಯೇ ಮುಗಿಯುವ ಹಾಗೆ ಅಗಲದ ಗುಂಡಿ ಮಾಡಿ, ಅಥವಾ ಜಾಗ ಬದಲಿಸಿ.

ಆಟಿ ತಿಂಗಳಲ್ಲಿ ಕಕ್ಕಸಿನ ನೀರು ವಾಪಸ್ ಬರುತ್ತದೆ. ಉಳಿದ ಹನ್ನೊಂದು ತಿಂಗಳು ಏನೂ ತೊಂದರೆ ಇಲ್ಲ. ಏನು ಮಾಡುವುದು?

ಮೊದಲು ಮಾಡಿನ ನೀರು ನೋಡಿ. ಸೂರಿನಿಂದ ಇಳಿಯುವ ಧಾರೆ ನೇರ ಗುಂಡಿಯ ಸ್ಲಾಬಿನ ಮೇಲೆ ಬೀಳುತ್ತಿದ್ದರೆ ಕಾರಣ ಅಲ್ಲೇ ಇದೆ. ದಂಬೆ ಕಟ್ಟಿ ತಿರುಗಿಸಿ. ಸ್ಲಾಬು ಅಂಗಳಕ್ಕಿಂತ ಆರಿಂಚು ಮೇಲಿರಲಿ, ಸುತ್ತ ಮಣ್ಣು ಇಳಿಜಾರು ಇರಲಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಸರಿಹೋಗುತ್ತದೆ.

ಇಷ್ಟಾದ ಮೇಲೂ ಬಂದರೆ ಅಂತರ್ಜಲವೇ ಪೈಪಿನ ಮಟ್ಟಕ್ಕೆ ಏರಿದೆ. ಆಗ ಗುಂಡಿಯನ್ನೇ ಎತ್ತರಿಸಬೇಕು: ಮಳೆಗಾಲದ ನೀರಿನ ಮಟ್ಟಕ್ಕಿಂತ ಗುಂಡಿಯ ಬಾಯಿ ಕನಿಷ್ಠ ಒಂದಡಿ, ಪೈಪು ಮೂರಿಂಚು ಮೇಲೆ. ನೆಲದ ಮೇಲೆ ಉಳಿದ ಭಾಗದ ಸುತ್ತ ಒಂದು ಮೀಟರ್ ಅಗಲಕ್ಕೆ ಮಣ್ಣು ಹಾಕಿ ಪದರ ಪದರವಾಗಿ ಗುದ್ದಬೇಕು. ಕಕ್ಕಸಿನ ನೆಲವೂ ಅಷ್ಟೇ ಎತ್ತರವಾಗಬೇಕು, ಎರಡು ಮೆಟ್ಟಿಲು ಹೆಚ್ಚಾಗುತ್ತದೆ. ವಯಸ್ಸಾದವರಿದ್ದರೆ ಹಿಡಿಯಲು ಪೈಪಿನ ಹಿಡಿಕೆ ಕೊಡಿ.

ಗದ್ದೆ ಬದಿಯ ಮನೆ. ಎರಡಡಿ ತೋಡಿದರೆ ನೀರು. ಎರಡು ಗುಂಡಿ ಆಗುತ್ತದಾ?

ಆಗುವುದಿಲ್ಲ. ಸಹಾಯಧನ ಸಿಗುತ್ತದೆ ಎಂದು ಮಾಡಿಸಲೂಬೇಡಿ. ಅಲ್ಲಿಗೆ ನೆಲದ ಮೇಲೆ ಕಟ್ಟುವ ಒಣ ಕಕ್ಕಸು ಸರಿ: ಎರಡು ಸಿಮೆಂಟ್ ಪೆಟ್ಟಿಗೆ, ಮೂತ್ರಕ್ಕೆ ಮತ್ತು ತೊಳೆದ ನೀರಿಗೆ ಬೇರೆ ದಾರಿ, ಪ್ರತಿಸಲ ಒಂದು ಹಿಡಿ ಬೂದಿ. ಬಚ್ಚಲೊಲೆಯಲ್ಲಿ ತೆಂಗಿನ ಮಡಲು ಉರಿಸುವ ಮನೆಗಳಲ್ಲಿ ಬೂದಿಗೇನೂ ಬರವಿಲ್ಲ. ಆದರೆ ನೆಂಟರು ಬಂದಾಗಲೂ ಎಲ್ಲರೂ ಕ್ರಮ ತಪ್ಪದೆ ಬಳಸಬೇಕು. ಅದು ಆಗದ ಮನೆಗೆ ನೀರು ಸೋರದ ಟ್ಯಾಂಕ್ ಕಟ್ಟಿ ಲಾರಿಯಿಂದ ಖಾಲಿ ಮಾಡಿಸುವುದೊಂದೇ ದಾರಿ. ಕರೆಸುವ ಮೊದಲೇ ಲಾರಿಯವರು ಅದನ್ನು ಎಲ್ಲಿ ಸುರಿಯುತ್ತಾರೆ ಎಂದು ಕೇಳಿ. ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದಂಥ ಮಲತ್ಯಾಜ್ಯ ಸಂಸ್ಕರಣಾ ಘಟಕಕ್ಕೆ ಹೋಗಬೇಕೇ ಹೊರತು ಕತ್ತಲಲ್ಲಿ ಹೊಳೆಗಲ್ಲ.

ಬಾವಿ ಕೆಟ್ಟಿದೆಯಾ ಎಂದು ತಿಳಿಯುವುದು ಹೇಗೆ? ನೀರು ನೋಡಲು ತಿಳಿಯಾಗಿಯೇ ಇದೆ.

ತಿಳಿನೀರಿನಲ್ಲೂ ರೋಗಾಣು ಇರುತ್ತವೆ. ನೀರಿನಲ್ಲಿ ಮಲದ ಅಂಶ ಪತ್ತೆ ಮಾಡುವ ಎಚ್‌ಟುಎಸ್ ಬಾಟಲಿಗೆ ಗುರುತಿನವರೆಗೆ ನೀರು ತುಂಬಿ ಮನೆಯೊಳಗೆ ಇಡಿ. ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಅಂಶ ಸೇರಿರುವ ಸಾಧ್ಯತೆ ಹೆಚ್ಚು. ಪಂಚಾಯತ್‌ನಲ್ಲಿ ನೀರು ಪರೀಕ್ಷೆಯ ಕಿಟ್ ಬಗ್ಗೆ ವಿಚಾರಿಸಿ. ಜೂನ್‌ನ ಮೊದಲ ದೊಡ್ಡ ಮಳೆಯ ನಂತರ ಒಂದು ಸಲ, ಆಗಸ್ಟ್‌ನಲ್ಲಿ ಒಂದು ಸಲ ನೋಡಿ. ಬೇಸಿಗೆಯಲ್ಲಿ ಪಾಸಾದ ಬಾವಿ ಮಳೆಗಾಲದಲ್ಲಿ ಫೇಲಾಗಬಹುದು.

ಕಪ್ಪಾದರೆ ಕುದಿಸಿಯೇ ಕುಡಿಯಿರಿ, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ. ಪ್ರಮಾಣ 1,000 ಲೀಟರಿಗೆ 2.5 ಗ್ರಾಂ. 2 ಮೀಟರ್ ವ್ಯಾಸದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ 9,400 ಲೀಟರ್, ಅಂದರೆ 25 ಗ್ರಾಂ. ಪುಡಿಯನ್ನು ಸೀದಾ ಎಸೆಯಬೇಡಿ. ಬಾಲ್ದಿಯಲ್ಲಿ ಕದಡಿ ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಾಲ್ದಿಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ರಾತ್ರಿ ಹಾಕಿ ಬೆಳಿಗ್ಗೆ ಬಳಸುವುದು ಅನುಕೂಲ, ಕನಿಷ್ಠ ಒಂದು ಗಂಟೆಯಂತೂ ಬಿಡಲೇಬೇಕು. ತೆರೆದಿಟ್ಟ ಹಳೆ ಪ್ಯಾಕೆಟ್ಟಿನ ಪುಡಿಗೆ ಶಕ್ತಿ ಇರುವುದಿಲ್ಲ. ವಾರದ ಮೇಲೆ ಮತ್ತೆ ಬಾಟಲಿ ಇಟ್ಟು ನೋಡಿ. ಪುನಃ ಕಪ್ಪಾದರೆ ಬ್ಲೀಚಿಂಗ್ ಹಾಕುತ್ತಲೇ ಇರುವುದರಲ್ಲಿ ಅರ್ಥವಿಲ್ಲ. 50 ಅಡಿಯೊಳಗಿನ ಎಲ್ಲ ಗುಂಡಿಗಳ ಆಳ ಅಳೆಯಿರಿ, ನಿಮ್ಮದನ್ನೂ ಪಕ್ಕದವರದ್ದನ್ನೂ.